ರೀಡರ್ ಆ್ಯಕ್ಟಿವೇಟ್ ಆಗ್ತಿಲ್ವಾ? ರೀಸೆಟ್ ಒತ್ತೋ ಮುಂಚೆ ಇದನ್ನು ಓದಿ

ನಮ್ಮ ಸೋದರಮಾವ ಎರಡು ವರ್ಷ ಬೀರುವಿನಲ್ಲಿ ಬಿದ್ದಿದ್ದ ಇ-ಬುಕ್ ರೀಡರನ್ನು ತಂದು ನನ್ನ ಮುಂದೆ ಇಟ್ಟರು. "ನೋಡೋ ಇದನ್ನ. ಕಾರ್ಡಿನಲ್ಲಿ ಪುಸ್ತಕ ಎಲ್ಲಾ ಇವೆ, ಒಂದೂ ತೆರೆಯಲ್ಲ" ಅಂದರು. ಹೌದು, ಯಾವ ಪುಸ್ತಕ ಮುಟ್ಟಿದರೂ ಮೊದಲು ಆ್ಯಕ್ಟಿವೇಟ್ ಮಾಡಿ ಅನ್ನುತ್ತಿತ್ತು. ಆ್ಯಕ್ಟಿವೇಟ್ ಒತ್ತಿದರೆ ಒಂದು ನಿಮಿಷ ಚಕ್ರ ತಿರುಗಿ, ಸರ್ವರ್ ಸಿಗಲಿಲ್ಲ ಅನ್ನುತ್ತಿತ್ತು.

"ಏನೇನು ಮಾಡಿದ್ರಿ ಮಾವ?"

"ಮೂರು ಸಲ ಫ್ಯಾಕ್ಟರಿ ರೀಸೆಟ್ ಮಾಡಿದೀನಿ" ಅಂದರು, ದೊಡ್ಡ ಕೆಲಸ ಮುಗಿಸಿ ಬಂದವರ ಹಾಗೆ.

ರೀಡರ್ ಕೈಕೊಟ್ಟಾಗ ಬಹಳ ಜನ ಮೊದಲು ಮಾಡುವುದೇ ಇದನ್ನು, ಕೊನೆಗೆ ಮಾಡಬೇಕಾದದ್ದೂ ಇದನ್ನೇ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮಾವನ ರೀಡರ್ ಸರಿಹೋಗಲು ಹಿಡಿದದ್ದು ಎರಡೇ ನಿಮಿಷ. ತಪ್ಪು ಎಲ್ಲಿದೆ ಅಂತ ಹುಡುಕಲು ಹಿಡಿದದ್ದು ಮಾತ್ರ ಒಂದು ಇಡೀ ಸಂಜೆ.

ಆ್ಯಕ್ಟಿವೇಟ್ ಅಂದರೆ ಏನು ಅಂತ ಚುಟುಕಾಗಿ ತಿಳಿದುಕೊಳ್ಳಿ, ಆಮೇಲಿನದು ಸಲೀಸು. ದುಡ್ಡು ಕೊಟ್ಟು ಕೊಂಡ ಅಥವಾ ಲೈಬ್ರರಿಯಿಂದ ಎರವಲು ತಂದ ಇ-ಪುಸ್ತಕಕ್ಕೆ ಸಾಮಾನ್ಯವಾಗಿ ಬೀಗ ಇರುತ್ತದೆ. ಆ ಬೀಗದ ಕೀಲಿ ನಿಮ್ಮ ಖಾತೆಯ ಹೆಸರಿನಲ್ಲಿರುತ್ತದೆ. ಈ ಕೈಯಲ್ಲಿರುವ ಸಾಧನ ಆ ಖಾತೆಯವರದ್ದೇ ಅಂತ ಸರ್ವರ್ ಒಮ್ಮೆ ನೋಡಿ, ಒಂದು ಗುರುತಿನ ಚೀಟಿ ಬರೆದುಕೊಡುತ್ತದೆ. ಅಷ್ಟೇ ಆ್ಯಕ್ಟಿವೇಶನ್. ಅಂದರೆ ಪುಸ್ತಕ, ಖಾತೆ, ಸಾಧನ, ಸರ್ವರ್ ನಾಲ್ಕೂ ಒಂದೇ ಮಾತು ಹೇಳಬೇಕು. ಯಾವುದು ಬೇರೆ ಮಾತು ಹೇಳುತ್ತಿದೆ ಅಂತ ಕಂಡುಹಿಡಿಯುವುದೇ ನಮ್ಮ ಕೆಲಸ.

ಅದಕ್ಕೆ ಮೊದಲು ಒಂದು ಸುಲಭದ ಪರೀಕ್ಷೆ. ಬೀಗವಿಲ್ಲದ ಒಂದು ಇಪಬ್ ಪುಸ್ತಕವನ್ನು (ಇಪಬ್ ಅಂದರೆ ಇ-ಪುಸ್ತಕದ ಒಂದು ಸಾಮಾನ್ಯ ಫೈಲ್ ಬಗೆ; ಅಮೆಜಾನಿನ ಕಿಂಡಲ್ ಆದರೆ ಅದು ತೆರೆಯುವ ಬಗೆಯ ಫೈಲನ್ನು) ರೀಡರಿಗೆ ಹಾಕಿ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಪ್ರಾಜೆಕ್ಟ್ ಗುಟೆನ್‌ಬರ್ಗ್ ಪುಕ್ಕಟೆಯಾಗಿ, ಬೀಗವಿಲ್ಲದೆ ಕೊಡುತ್ತದೆ. ಅದು ತೆರೆದುಕೊಂಡರೆ ನಿಮ್ಮ ಸಾಧನಕ್ಕೆ ಏನೂ ಆಗಿಲ್ಲ, ತೊಂದರೆ ಬೀಗದ ಕಡೆಯದ್ದು. ಅದೂ ತೆರೆಯದಿದ್ದರೆ ಆ್ಯಕ್ಟಿವೇಶನ್ ಮರೆತುಬಿಡಿ, ಮೊದಲು ಸಾಧನ ರಿಪೇರಿಯಾಗಬೇಕು. ಈ ಒಂದು ಪರೀಕ್ಷೆ ಮಾಡದೆ ಗಂಟೆಗಟ್ಟಲೆ ಪಾಸ್‌ವರ್ಡ್ ಬದಲಾಯಿಸುತ್ತಾ ಕೂತವರನ್ನು ನಾನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಮೊದಲು ಗಡಿಯಾರ

ಮಾವನ ರೀಡರಿನಲ್ಲಿ ಸೆಟ್ಟಿಂಗ್ಸಿಗೆ ಹೋಗಿ, ಅಲ್ಲಿಂದ ದಿನಾಂಕ ಮತ್ತು ಸಮಯಕ್ಕೆ ಹೋದೆ. ಅಲ್ಲಿ ಇದ್ದದ್ದು 1970ರ ಜನವರಿ 1. ನಾನು ನಕ್ಕೆ, ಮಾವನಿಗೆ ಅರ್ಥವಾಗಲಿಲ್ಲ.

ಬ್ಯಾಟರಿ ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಒಳಗಿನ ಗಡಿಯಾರ ನಿಂತುಹೋಗುತ್ತದೆ. ಮತ್ತೆ ಜೀವ ಬಂದಾಗ ತನಗೆ ಗೊತ್ತಿರುವ ಮೊದಲ ದಿನದಿಂದ ಎಣಿಕೆ ಶುರು ಮಾಡುತ್ತದೆ. ಬಹಳ ಯಂತ್ರಗಳಿಗೆ ಆ ಮೊದಲ ದಿನ 1970ರ ಜನವರಿ 1. ಈಗ ಈ ರೀಡರ್ ಸರ್ವರ್ ಹತ್ತಿರ ಹೋಗುತ್ತದೆ. ಸರ್ವರ್ ತನ್ನ ಪ್ರಮಾಣಪತ್ರ ತೋರಿಸುತ್ತದೆ. ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಚಾಲ್ತಿ ಅಂತ ಬರೆದಿರುತ್ತದೆ. ರೀಡರ್ ತನ್ನ ಗಡಿಯಾರ ನೋಡಿ, ಇದು ಇನ್ನೂ ಚಾಲ್ತಿಗೇ ಬಂದಿಲ್ಲ, ಇದನ್ನು ನಂಬುವ ಹಾಗಿಲ್ಲ ಅಂತ ಬಾಗಿಲು ಹಾಕಿಕೊಳ್ಳುತ್ತದೆ. ಪರದೆಯ ಮೇಲೆ ಮಾತ್ರ ಸರ್ವರ್ ಸಿಗಲಿಲ್ಲ ಅಂತ ಬರುತ್ತದೆ. ಬೈಗುಳ ವೈಫೈಗೆ, ತಪ್ಪು ಗಡಿಯಾರದ್ದು.

ಹಾಗಾಗಿ ದಿನಾಂಕ, ವರ್ಷ, ಸಮಯ, ಟೈಮ್‌ಝೋನ್ ನಾಲ್ಕನ್ನೂ ಕೈಯಾರೆ ಸರಿಮಾಡಿ. ತಾನಾಗಿಯೇ ಹೊಂದಿಸಿಕೊಳ್ಳುವ ಆಯ್ಕೆಯನ್ನು ನೆಟ್ ಸಿಕ್ಕ ಮೇಲೆ ಆನ್ ಮಾಡಿದರಾಯಿತು. ಕಂಪ್ಯೂಟರ್ ಮೂಲಕ ಪುಸ್ತಕ ಇಳಿಸುತ್ತಿದ್ದರೆ ಅದರ ಗಡಿಯಾರವನ್ನೂ ನೋಡಿ. ಬೀಗವಿರುವ ಪುಸ್ತಕ ಇಳಿಸಿ ತೆರೆಯುವ ಕಂಪ್ಯೂಟರ್ ತಂತ್ರಾಂಶವಾದ ಅಡೋಬಿ ಡಿಜಿಟಲ್ ಎಡಿಷನ್ಸ್‌ನಲ್ಲಿ 'ರಿಕ್ವೆಸ್ಟ್ ಎಕ್ಸ್‌ಪೈರ್ಡ್' ಅನ್ನುವ ತಪ್ಪು ಬಂದರೆ ಬಹಳ ಸಲ ಕಾರಣ ಇದೇ. ಗಡಿಯಾರ ಮುಂದೆ ಓಡಿದ್ದರೆ ಇನ್ನೊಂದು ತಮಾಷೆ: ನಿನ್ನೆ ತಾನೇ ಲೈಬ್ರರಿಯಿಂದ ತಂದ ಪುಸ್ತಕ ಅವಧಿ ಮುಗಿಯಿತು ಅಂತ ಮುಚ್ಚಿಕೊಳ್ಳುತ್ತದೆ.

ಮಾವನ ರೀಡರಿಗೆ ಇವತ್ತಿನ ದಿನಾಂಕ ಕೊಟ್ಟೆ. ಆ್ಯಕ್ಟಿವೇಟ್ ಒತ್ತಿದೆ. ಆಯಿತು.

ವೈಫೈ ಬಗ್ಗೆ ಎರಡೇ ಮಾತು. ಹಳೆಯ ರೀಡರುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಸ್ ಅವಕ್ಕೆ ಕಾಣುವುದೇ ಇಲ್ಲ. ಹೋಟೆಲ್, ವಿಮಾನ ನಿಲ್ದಾಣದಂಥ ಕಡೆ ಲಾಗಿನ್ ಪುಟ ತೆರೆದುಕೊಳ್ಳುವ ವೈಫೈನಲ್ಲಿ ಆ್ಯಕ್ಟಿವೇಟ್ ಮಾಡಲು ಹೋಗಬೇಡಿ, ಫೋನಿನ ಹಾಟ್‌ಸ್ಪಾಟ್ ಕೊಡಿ.

ಯಾವ ಐಡಿ?

ನನ್ನ ಅನುಭವದಲ್ಲಿ ಗಡಿಯಾರದ ನಂತರ ಅತಿ ಹೆಚ್ಚು ಕಾಡುವುದು ಇದು. ನನ್ನದೇ ಕಥೆ ಹೇಳುತ್ತೇನೆ. ನನಗೆ ಎರಡು ಇಮೇಲ್ ಇವೆ. ಒಂದು ಪುಸ್ತಕದಂಗಡಿಯಲ್ಲಿ ಹಳೆಯ ಇಮೇಲ್ ಕೊಟ್ಟು ಪುಸ್ತಕ ಕೊಂಡಿದ್ದೆ. ರೀಡರ್ ಆ್ಯಕ್ಟಿವೇಟ್ ಮಾಡಿದ್ದು ಹೊಸ ಇಮೇಲಿನಿಂದ. ಎರಡೂ ಕಡೆ ಲಾಗಿನ್ ಸರಿಯಾಗಿಯೇ ಆಗುತ್ತಿತ್ತು. ಪುಸ್ತಕ ಮಾತ್ರ ತೆರೆಯುತ್ತಿರಲಿಲ್ಲ. ಅಂಗಡಿಯವರಿಗೆ ಮೂರು ಪತ್ರ ಬರೆದೆ. ಮೂರಕ್ಕೂ ಒಂದೇ ಉತ್ತರ: ಪಾಸ್‌ವರ್ಡ್ ಬದಲಾಯಿಸಿ ನೋಡಿ.

ಗೊಂದಲದ ಮೂಲ ಏನೆಂದರೆ, ಇಲ್ಲಿ ಎರಡು ಬೇರೆ ಬೇರೆ ಖಾತೆಗಳಿರಬಹುದು. ಅಂಗಡಿಯ ಖಾತೆ ಒಂದು, ಬೀಗದ ಖಾತೆ ಇನ್ನೊಂದು. ಅಡೋಬಿಯ ಬೀಗ ಬಳಸುವ ಅಂಗಡಿ, ಲೈಬ್ರರಿಗಳಲ್ಲಿ ಬೀಗ ತೆರೆಯುವುದು ಅಡೋಬಿ ಐಡಿ, ಅಂಗಡಿಯ ಲಾಗಿನ್ ಅಲ್ಲ. ಅಲ್ಲಿ ನೀವು ಇಳಿಸಿಕೊಳ್ಳುವ ಎಸಿಎಸ್‌ಎಂ ಅನ್ನುವ ಪುಟ್ಟ ಫೈಲ್ ಕೂಡ ಪುಸ್ತಕ ಅಲ್ಲ, ಟೋಕನ್ ಇದ್ದ ಹಾಗೆ. ಅದನ್ನು ಡಿಜಿಟಲ್ ಎಡಿಷನ್ಸ್‌ನಲ್ಲಿ ತೆರೆದಾಗಲೇ ನಿಜವಾದ ಪುಸ್ತಕ ಇಳಿಯುವುದು, ಆಗ ಯಾವ ಐಡಿ ಚಾಲ್ತಿಯಲ್ಲಿತ್ತೋ ಪುಸ್ತಕ ಅದರ ಪಾಲಿಗೆ ಹೋಗುತ್ತದೆ. ಒಮ್ಮೆ ಹೋದ ಮೇಲೆ ಬೇರೆ ಐಡಿಯಿಂದ ಅದೇ ಟೋಕನ್ ತೆರೆದರೆ, ಇದನ್ನು ಆಗಲೇ ಇನ್ನೊಬ್ಬರು ತೆಗೆದುಕೊಂಡಿದ್ದಾರೆ ಅನ್ನುವ ಅರ್ಥದ ತಪ್ಪು ಬರುತ್ತದೆ. ಆ ಇನ್ನೊಬ್ಬರು ನೀವೇ, ಹಳೆಯ ಇಮೇಲಿನ ನೀವು.

ಇನ್ನೊಂದು ಗುಂಡಿ ಇದೆ, ಬೀಳಬೇಡಿ. ಡಿಜಿಟಲ್ ಎಡಿಷನ್ಸ್ ಮೊದಲ ಸಲ ತೆರೆದಾಗ ಐಡಿ ಇಲ್ಲದೆಯೇ ಕಂಪ್ಯೂಟರ್ ಆಥರೈಸ್ (ಇಲ್ಲಿ ಆ್ಯಕ್ಟಿವೇಟ್‌ಗೆ ಇರುವ ಹೆಸರು) ಮಾಡಬಹುದು ಅಂತ ಒಂದು ಆಯ್ಕೆ ಕಾಣುತ್ತದೆ. ಸುಲಭ ಅಲ್ವಾ ಅಂತ ಅದಕ್ಕೆ ಟಿಕ್ ಹಾಕಿದರೆ ಪುಸ್ತಕ ಆ ಒಂದು ಕಂಪ್ಯೂಟರಿಗೇ ಅಂಟಿಕೊಳ್ಳುತ್ತದೆ, ಕೈಯಲ್ಲಿ ಹಿಡಿಯುವ ರೀಡರಿಗೆ ಬರುವುದಿಲ್ಲ. ಐಡಿ ಕೊಟ್ಟೇ ಮಾಡಿ.

ಯಾವ ಐಡಿ ಅಂತ ಗೊಂದಲವಾದರೆ ಡಿಜಿಟಲ್ ಎಡಿಷನ್ಸ್‌ನ ಹೆಲ್ಪ್ ಮೆನು ತೆರೆದು ಆಥರೈಸೇಶನ್ ಮಾಹಿತಿ ನೋಡಿ. ತಪ್ಪು ಐಡಿ ಇದ್ದರೆ ಕಂಟ್ರೋಲ್, ಶಿಫ್ಟ್, ಡಿ ಮೂರನ್ನೂ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್. ಆಥರೈಸೇಶನ್ ಅಳಿಸುವ ಕಿಟಕಿ ಬರುತ್ತದೆ. ಅಳಿಸಿ, ಪುಸ್ತಕ ಕೊಂಡ ಐಡಿಯಿಂದ ಮತ್ತೆ ಆಥರೈಸ್ ಮಾಡಿ. ಆಮೇಲೆ ರೀಡರನ್ನು ಕೇಬಲ್ ಹಾಕಿ ಜೋಡಿಸಿ ಅದನ್ನೂ ಅದೇ ಐಡಿಯಿಂದ ಆಥರೈಸ್ ಮಾಡಿ. ರೀಡರ್ ಕಾಣಿಸಲೇ ಇಲ್ಲವೇ? ಕೇಬಲ್ ಬದಲಾಯಿಸಿ. ಕೆಲವು ಕೇಬಲ್ ಚಾರ್ಜ್ ಮಾಡಲು ಮಾತ್ರ, ಅವುಗಳಲ್ಲಿ ಡೇಟಾ ಹರಿಯುವ ತಂತಿಯೇ ಇರುವುದಿಲ್ಲ.

ಕೆಲವೊಮ್ಮೆ ರೀಡರ್ ಹಳೆಯ ಐಡಿಯನ್ನು ಬಿಡುವುದೇ ಇಲ್ಲ. ಆಗ ಅದರೊಳಗೆ ಬಚ್ಚಿಟ್ಟ ಒಂದು ಫೋಲ್ಡರ್ ಇರುತ್ತದೆ, ಹೆಸರು ಚುಕ್ಕೆಯಿಂದ ಶುರುವಾಗಿ ಅಡೋಬಿ ಡಿಜಿಟಲ್ ಎಡಿಷನ್ಸ್ ಅಂತ ಮುಂದುವರಿಯುತ್ತದೆ. ಬಚ್ಚಿಟ್ಟ ಫೈಲುಗಳನ್ನು ತೋರಿಸುವಂತೆ ಕಂಪ್ಯೂಟರಿಗೆ ಹೇಳಿದರೆ ಕಾಣುತ್ತದೆ. ಗುರುತಿನ ಚೀಟಿ ಇರುವುದು ಅಲ್ಲಿಯೇ. ಆ ಫೋಲ್ಡರನ್ನು ಕಂಪ್ಯೂಟರಿಗೆ ಕಾಪಿ ಮಾಡಿಟ್ಟು, ರೀಡರಿನಿಂದ ಅಳಿಸಿ, ಸುರಕ್ಷಿತವಾಗಿ ಕಳಚಿ ಮತ್ತೆ ಜೋಡಿಸಿ. ಈಗ ಅದು ಹೊಸದರ ಹಾಗೆ ಐಡಿ ಕೇಳುತ್ತದೆ.

ಕಿಂಡಲ್ ಇರುವವರಿಗೆ ಈ ಅಡೋಬಿ ಕಥೆ ಯಾವುದೂ ಬೇಡ. ಅಲ್ಲಿ ರಿಜಿಸ್ಟರ್ ಮಾಡುವುದು ಅಮೆಜಾನ್ ಖಾತೆಗೆ. ಹಾಗೆಯೇ, ಅಡೋಬಿ ಬೀಗದ ಪುಸ್ತಕ ಕಿಂಡಲ್‌ನಲ್ಲಿ ತೆರೆಯುವುದಿಲ್ಲ, ಎಷ್ಟು ಸಲ ಆ್ಯಕ್ಟಿವೇಟ್ ಮಾಡಿದರೂ ಅಷ್ಟೇ. ಎರಡು ಹಂತದ ಭದ್ರತೆ ಇಟ್ಟುಕೊಂಡವರಿಗೆ ಹಳೆಯ ಕಿಂಡಲ್‌ನಲ್ಲಿ ಪಾಸ್‌ವರ್ಡ್ ತಪ್ಪು ಅಂತ ಬರುತ್ತದೆ. ಓಟಿಪಿ ಹಾಕಲು ಜಾಗವೇ ಇರುವುದಿಲ್ಲವಲ್ಲ. ಪಾಸ್‌ವರ್ಡ್ ಬರೆದು, ಅದರ ಬೆನ್ನಿಗೇ ಓಟಿಪಿ ಅಂಕಿಗಳನ್ನೂ ಸೇರಿಸಿ ಹಾಕಿದರೆ ಒಳಗೆ ಬಿಡುತ್ತದೆ.

ರೀಸೆಟ್ ಯಾಕೆ ಬೇಡ

ಅಡೋಬಿ ಐಡಿ ಒಂದಕ್ಕೆ ಆರು ಕಂಪ್ಯೂಟರ್, ಆರು ಕೈಸಾಧನ ಅಂತ ಮಿತಿ ಇದೆ. ನೀವು ರೀಸೆಟ್ ಮಾಡಿದಾಗ ರೀಡರ್ ತನ್ನ ಗುರುತಿನ ಚೀಟಿ ಹರಿದು ಹಾಕುತ್ತದೆ, ಆದರೆ ಅದನ್ನು ಸರ್ವರಿಗೆ ಹೇಳಿರುವುದಿಲ್ಲ. ಸರ್ವರ್ ಲೆಕ್ಕದಲ್ಲಿ ಹಳೆಯ ಚೀಟಿ ಹಾಗೇ ಇರುತ್ತದೆ. ಮತ್ತೆ ಆ್ಯಕ್ಟಿವೇಟ್ ಮಾಡಿದರೆ ಇನ್ನೊಂದು ಚೀಟಿ ಖರ್ಚಾಗಬಹುದು. ಹೀಗೆ ಒಂದೇ ರೀಡರ್ ಇಟ್ಟುಕೊಂಡು ಆರರ ಲೆಕ್ಕ ತುಂಬಿಸಿಕೊಳ್ಳುವುದು ಕಷ್ಟವೇನಲ್ಲ. ಮಾವ ಮೂರು ಸಲ ರೀಸೆಟ್ ಮಾಡಿಯೂ ಬಚಾವಾದದ್ದು ಗಡಿಯಾರ ಕೆಟ್ಟಿದ್ದರಿಂದ: ರೀಸೆಟ್ ಆದ ಮೇಲೆ ಅವರ ರೀಡರ್ ಸರ್ವರಿನಿಂದ ಒಂದು ಚೀಟಿಯನ್ನೂ ಪಡೆದಿರಲಿಲ್ಲ.

ಮಿತಿ ದಾಟಿದೆ, ಅಂದರೆ 'ಟೂ ಮೆನಿ ಆ್ಯಕ್ಟಿವೇಶನ್ಸ್' ಅನ್ನುವ ಸಂದೇಶ ಬಂದರೆ ಸುಮ್ನೆ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ನಿಮ್ಮ ಕಡೆಯಿಂದ ಮಾಡುವಂಥದ್ದು ಏನೂ ಇಲ್ಲ. ಬೀಗದ ಕಂಪನಿಯ ಸಹಾಯ ವಿಭಾಗಕ್ಕೆ ಬರೆದು ಎಣಿಕೆ ಸೊನ್ನೆ ಮಾಡಲು ಕೇಳಿ. ಪತ್ರದಲ್ಲಿ ಐಡಿ, ಸಾಧನದ ಮಾಡೆಲ್, ತಪ್ಪು ಸಂದೇಶದ ಪೂರ್ತಿ ಪದಗಳು ಇರಲಿ. ಬರೀ ಓಪನ್ ಆಗ್ತಿಲ್ಲ ಅಂತ ಬರೆದರೆ ನನಗೆ ಬಂದ ಉತ್ತರವೇ ನಿಮಗೂ ಬರುತ್ತದೆ. ರೀಡರನ್ನು ಮಾರುವ, ಬೇರೆಯವರಿಗೆ ಕೊಡುವ ಮುಂಚೆಯೂ ಮೊದಲು ಡಿಆಥರೈಸ್, ಅಂದರೆ ಆಥರೈಸೇಶನ್ ಅಳಿಸುವುದು, ಆಮೇಲೆ ರೀಸೆಟ್. ಈ ಕ್ರಮ ತಪ್ಪಿಸಬೇಡಿ.

ತಪ್ಪು ನಿಮ್ಮದಲ್ಲದಿದ್ದಾಗ

ಗಡಿಯಾರ ಸರಿ, ಐಡಿ ಸರಿ, ಎಣಿಕೆ ಸರಿ, ಆದರೂ ಆಗುತ್ತಿಲ್ಲ ಅಂದರೆ ಸಾಧನದ ವಯಸ್ಸು ನೋಡಿ. ಸರ್ವರುಗಳು ಮಾತಾಡುವ ರೀತಿ ಬದಲಾಗುತ್ತಲೇ ಇರುತ್ತದೆ. ಬಹಳ ಜಾಲತಾಣಗಳು ನೆಚ್ಚಿಕೊಂಡಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಬದಲಿ ಗೊತ್ತಿಲ್ಲದ ಹಳೆಯ ಸಾಧನಗಳಿಗೆ ರಾತ್ರೋರಾತ್ರಿ ಎಷ್ಟೋ ತಾಣಗಳು ಅಪರಿಚಿತವಾದವು. ಕಿಂಡಲ್‌ನಲ್ಲೂ 2012 ಮತ್ತು ಅದಕ್ಕಿಂತ ಹಳೆಯ ಹಲವು ಮಾಡೆಲ್‌ಗಳಿಗೆ 2016ರ ಮಾರ್ಚ್ 22ರೊಳಗೆ ಅಪ್‌ಡೇಟ್ ಹಾಕಿಕೊಳ್ಳಿ ಅಂತ ಗಡುವು ಕೊಟ್ಟಿದ್ದರು. ಇಂಥ ಸಾಧನಕ್ಕೆ ವೈಫೈನಿಂದ ಅಪ್‌ಡೇಟ್ ಬರುವುದಿಲ್ಲ. ಕಂಪ್ಯೂಟರಿನಲ್ಲಿ ತಯಾರಕರ ತಾಣದಿಂದ ಫರ್ಮ್‌ವೇರ್ (ಸಾಧನವನ್ನು ನಡೆಸುವ ಒಳಗಿನ ತಂತ್ರಾಂಶ) ಇಳಿಸಿ, ಕೇಬಲ್ ಮೂಲಕ ಹಾಕಬೇಕು. ಬ್ಯಾಟರಿ ಪೂರ್ತಿ ತುಂಬಿಸಿಕೊಂಡೇ ಈ ಕೆಲಸಕ್ಕೆ ಕೈಹಾಕಿ.

ಇನ್ನು ಸರ್ವರೇ ಮುಚ್ಚಿಹೋಗಿದ್ದರೆ? ಪಾಕೆಟ್ ಪಿಸಿ ಅನ್ನುವ ಅಂಗೈ ಕಂಪ್ಯೂಟರುಗಳ ಕಾಲದ ಮೈಕ್ರೋಸಾಫ್ಟ್ ರೀಡರ್ ತಂತ್ರಾಂಶ 2012ರ ಆಗಸ್ಟ್ 30ಕ್ಕೆ ನಿಂತಿತು. ಅದೇ ಕಂಪನಿಯ ಇನ್ನೊಂದು ಇ-ಪುಸ್ತಕದಂಗಡಿ 2019ರಲ್ಲಿ ಮುಚ್ಚಿತು, ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು, ಪುಸ್ತಕಗಳು ತೆರೆಯುವುದು ನಿಂತವು. ಇದಕ್ಕಿಂತ ಹಳೆಯ ಪಾಮ್ ಅಂಗೈ ಸಾಧನಗಳ ಕಾಲದ ಇ-ರೀಡರ್ ತಂತ್ರಾಂಶದ್ದು ಬೇರೆಯೇ ದಾರಿ. ಕ್ರೆಡಿಟ್ ಕಾರ್ಡಿನ ಮೇಲಿನ ಹೆಸರು, ಕಾರ್ಡಿನ ನಂಬರ್ ಹಾಕಿದರೆ ಬೀಗ ತೆರೆಯುತ್ತಿತ್ತು. ಕಾರ್ಡ್ ನಂಬರ್ ಕೊಟ್ಟು ಕಥೆ ಓದುವುದು ಈಗ ವಿಚಿತ್ರ ಅನ್ನಿಸುತ್ತದೆ, ಆದರೆ ಅದಕ್ಕೆ ಪ್ರತಿಸಲ ಸರ್ವರಿನ ಅಪ್ಪಣೆ ಬೇಕಿರಲಿಲ್ಲ. ನನಗೆ ಅದೇ ವಾಸಿ ಅನ್ನಿಸುತ್ತದೆ. ಸರ್ವರ್ ಮುಚ್ಚಿದ ತಂತ್ರಾಂಶದ ಹಿಂದೆ ಸಂಜೆಗಳನ್ನು ಕಳೆಯಬೇಡಿ. ಆ ಸಾಧನದಲ್ಲಿ ಬೀಗವಿಲ್ಲದ ಪುಸ್ತಕ ಓದಿಕೊಳ್ಳಿ.

ಆ್ಯಕ್ಟಿವೇಟ್ ಆಯಿತು ಅಂತ ಬಂದ ಕೂಡಲೇ ರೀಡರ್ ಎತ್ತಿಡಬೇಡಿ. ಬೀಗವಿರುವ ಒಂದು ಪುಸ್ತಕ ತೆರೆಯಿರಿ, ವೈಫೈ ಆಫ್ ಮಾಡಿ, ರೀಡರನ್ನು ಒಮ್ಮೆ ಪೂರ್ತಿ ಆರಿಸಿ ಮತ್ತೆ ಹಚ್ಚಿ. ಅದೇ ಪುಸ್ತಕ ಮತ್ತೆ ತೆರೆದರೆ ಕೆಲಸ ಮುಗಿದ ಹಾಗೆ. ಯಾವ ಐಡಿಯಿಂದ ಮಾಡಿದಿರಿ ಅಂತ ಒಂದು ಚೀಟಿಯಲ್ಲಿ ಬರೆದು ರೀಡರಿನ ಕವರ್ ಒಳಗೆ ಸಿಕ್ಕಿಸಿಡಿ. ಮಾವ ಚೀಟಿಯಲ್ಲಿ ಪಾಸ್‌ವರ್ಡೂ ಬರೆದಿದ್ದರು, ಅದನ್ನು ಹರಿಸಿ ಇನ್ನೊಂದು ಬರೆಸಿದೆ. ಈಗ ಅವರು ತಿಂಗಳಿಗೊಮ್ಮೆ ರೀಡರ್ ಚಾರ್ಜ್ ಮಾಡುತ್ತಾರೆ.