ಹೋಂ ನರ್ಸ್ ಹುಡುಕುವವರ ಕಣ್ಣಿಗೆ ನಿಮ್ಮ ವೆಬ್‌ಸೈಟ್ ಬೀಳಬೇಕಾದರೆ

ಕಳೆದ ಮಳೆಗಾಲದಲ್ಲಿ ನಮ್ಮತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ನಾಳೆ ಡಿಸ್‌ಚಾರ್ಜ್ ಎಂದು ಡಾಕ್ಟರು ಹೇಳಿದ ಸಂಜೆ, ಹಾಸನದ ಆಸ್ಪತ್ರೆಯೊಂದರ ವರಾಂಡದಲ್ಲಿ ಕೂತು ಮೊಬೈಲಿನಲ್ಲಿ ಹೋಂ ನರ್ಸ್ ಹುಡುಕತೊಡಗಿದೆ. ಮೊದಲು ತೆರೆದ ವೆಬ್‌ಸೈಟಿನಲ್ಲಿ ಬಿಳಿ ಕೂದಲಿನ ವಿದೇಶಿ ದಂಪತಿ ನಗುತ್ತಾ ಎಡದಿಂದ ಬಲಕ್ಕೆ ಸರಿದು ಹೋದರು. ಅವರ ಹಿಂದೆ ಇನ್ನೊಂದು ಚಿತ್ರ, ಮತ್ತೊಂದು. ಫೋನ್ ನಂಬರ್ ಇತ್ತು, ಆದರೆ ಚಿತ್ರದೊಳಗೆ. ಒತ್ತಿದರೆ ಕರೆ ಹೋಗಲಿಲ್ಲ, ಕಾಪಿಯೂ ಆಗಲಿಲ್ಲ. ಔಷಧಿ ಚೀಟಿಯ ಹಿಂಬದಿಗೆ ಹತ್ತು ಅಂಕಿ ಬರೆದುಕೊಂಡು ಫೋನ್ ಮಾಡಿದರೆ ಆ ನಂಬರು ಚಾಲ್ತಿಯಲ್ಲೇ ಇರಲಿಲ್ಲ. ಕೊನೆಗೆ ವಾರ್ಡಿನ ಆಯಾ ಒಬ್ಬರು ಹೇಳಿದ ಏಜೆನ್ಸಿಯಿಂದ ಒಳ್ಳೆಯ ಹೆಣ್ಣುಮಗಳೊಬ್ಬಳು ಬಂದಳು. ಆ ಏಜೆನ್ಸಿ ನಮ್ಮ ಮನೆಯಿಂದ ಎರಡೇ ಬೀದಿ ಆಚೆಗಿತ್ತು. ಗೂಗಲ್‌ನಲ್ಲಿ ಅದರ ಸುಳಿವೇ ಇರಲಿಲ್ಲ.

ವೆಬ್‌ಸೈಟ್ ಮಾಡಿಕೊಡುವುದು ನನ್ನ ವೃತ್ತಿ. ಮನೆ ಆರೈಕೆ ಏಜೆನ್ಸಿ ನಡೆಸುವವರು ಒಂದೇ ಬಗೆಯ ತಪ್ಪುಗಳನ್ನು ಮತ್ತೆ ಮತ್ತೆ ಮಾಡುವುದನ್ನು ನೋಡಿದ್ದೇನೆ. ಅವರಿಗಾಗಿ, ಎಲ್ಲಿಂದ ಶುರು ಮಾಡಿ ಹೇಗೆ ಮುಂದುವರಿಯಬೇಕು ಎಂದು ಇಲ್ಲಿ ಬರೆದಿದ್ದೇನೆ.

ಮೊದಲು: ವಿಳಾಸ ಯಾರ ಹೆಸರಲ್ಲಿದೆ ನೋಡಿ

ವೆಬ್‌ಸೈಟಿನ ಡೊಮೇನ್, ಅಂದರೆ ಅದರ ವಿಳಾಸ, ನಿಮ್ಮ ಹೆಸರಲ್ಲಿ, ನಿಮ್ಮ ಇ-ಮೇಲ್‌ಗೆ ನೋಂದಣಿ ಆಗಿರಬೇಕು. ಪರಿಚಯದ ಏಜೆನ್ಸಿಯೊಂದರ ಡೊಮೇನನ್ನು ಸೈಟ್ ಮಾಡಿದ ಹುಡುಗ ತನ್ನ ಹೆಸರಲ್ಲೇ ಕೊಂಡಿದ್ದ. ಅವನು ಬೆಂಗಳೂರು ಸೇರಿದ, ನವೀಕರಣದ ಸಂದೇಶಗಳು ಅವನ ಹಳೇ ಮೇಲ್‌ಗೆ ಹೋದವು, ಒಂದು ಬೆಳಿಗ್ಗೆ ಸೈಟೇ ಇರಲಿಲ್ಲ. ಬೋರ್ಡು, ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡು ಎಲ್ಲದರ ಮೇಲೂ ಸತ್ತ ವಿಳಾಸ. ಡೊಮೇನ್ ಮತ್ತು ಹೋಸ್ಟಿಂಗ್ (ಸೈಟಿನ ಪುಟಗಳನ್ನು ಇಟ್ಟಿರುವ ಬಾಡಿಗೆ ಜಾಗ) ಎರಡರ ಲಾಗಿನ್‌ಗಳನ್ನೂ ಇವತ್ತೇ ಕೇಳಿ ಪಡೆದು ಬರೆದಿಟ್ಟುಕೊಳ್ಳಿ.

ಎರಡನೆಯದು: ಜನ ಏನೆಂದು ಹುಡುಕುತ್ತಾರೆ?

‘ಗೃಹಾಧಾರಿತ ಸಮಗ್ರ ಆರೈಕೆ ಸೇವೆ’ ಎಂದು ಯಾರೂ ಟೈಪ್ ಮಾಡುವುದಿಲ್ಲ. ‘ಹೋಂ ನರ್ಸ್ ಹಾಸನ’, ‘ವಯಸ್ಸಾದವರನ್ನು ನೋಡಿಕೊಳ್ಳುವವರು ಬೇಕು’, ‘ಅಮ್ಮನನ್ನು ನೋಡಿಕೊಳ್ಳಲು ಹೆಂಗಸು’ ಎಂದು ಹುಡುಕುತ್ತಾರೆ. ಇಂಗ್ಲಿಷ್ ಅಕ್ಷರದಲ್ಲೂ ಹುಡುಕುತ್ತಾರೆ, ಕನ್ನಡದಲ್ಲೂ ಹುಡುಕುತ್ತಾರೆ, ಮೈಕ್ ಒತ್ತಿ ಬಾಯಲ್ಲೂ ಹೇಳುತ್ತಾರೆ. ಕಳೆದ ಒಂದು ತಿಂಗಳಲ್ಲಿ ಫೋನ್ ಮಾಡಿದವರು ಬಾಯಿ ತೆರೆದ ಕೂಡಲೇ ಆಡಿದ ಮೊದಲ ವಾಕ್ಯವನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ. ಇದಕ್ಕಿಂತ ಒಳ್ಳೆಯ ಪಟ್ಟಿಯನ್ನು ಯಾವ ದುಬಾರಿ ಸಾಫ್ಟ್‌ವೇರೂ ಕೊಡುವುದಿಲ್ಲ.

ನಮ್ಮ ಊರಿಗೇ ಇರುವ ಒಂದು ತೊಡಕು ಇದೆ. ಇಂಗ್ಲಿಷಿನಲ್ಲಿ ಹಾಸನ ಬರೆಯುವ ಅಕ್ಷರಗಳೇ ‘ಹಸನ್’ ಎಂಬ ಅರಬ್ಬಿ ಹೆಸರಿಗೂ ಬಳಕೆಯಾಗುತ್ತವೆ. ಹಾಗಾಗಿ ಇಂಗ್ಲಿಷ್ ಪುಟದಲ್ಲಿ ಬರೀ ಊರಿನ ಹೆಸರು ಹಾಕಿ ಬಿಡಬೇಡಿ. ‘ಹಾಸನ, ಕರ್ನಾಟಕ’ ಎಂದು ಪೂರ್ತಿ ಬರೆಯಿರಿ. ವಿಳಾಸದಲ್ಲಿ ಬಡಾವಣೆ, ರಸ್ತೆ, 573201 ಪಿನ್‌ಕೋಡ್ ಕೂಡ ಇರಲಿ.

ಮೂರನೆಯದು: ಪುಟ ಬರೆಯುವುದು

ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ. ಇದಕ್ಕೆ ಒಂದು ವಾರ ಕೊಡಿ.

ಹೆಚ್ಚಿನ ಸೈಟುಗಳಲ್ಲಿ ‘ನಮ್ಮ ಸೇವೆಗಳು’ ಎಂಬ ಒಂದೇ ಪುಟ, ಅದರಲ್ಲಿ ಹನ್ನೆರಡು ಚುಕ್ಕಿ ಹಾಕಿದ ಸಾಲು. ಗೂಗಲ್ ಹುಡುಕಿಕೊಡುವುದು ಪುಟವನ್ನು, ಚುಕ್ಕಿ ಹಾಕಿದ ಸಾಲನ್ನಲ್ಲ. ಪ್ರತಿ ಸೇವೆಗೂ ಬೇರೆ ಪುಟ ಬೇಕು: ಹಾಸಿಗೆ ಹಿಡಿದವರ ಆರೈಕೆ, ಆಪರೇಷನ್ ಆದ ಮೇಲಿನ ಆರೈಕೆ, ಲಕ್ವ ಹೊಡೆದವರು, ಮರೆವಿನ ಕಾಯಿಲೆ ಇರುವವರು, ಬಾಣಂತಿ ಮತ್ತು ಮಗು. ನೀವು ನಿಜವಾಗಿ ಕೊಡುವ ಸೇವೆಗೆ ಮಾತ್ರ ಪುಟ ಮಾಡಿ.

ಆ ಪುಟದಲ್ಲಿ ಏನು ಬರೆಯಬೇಕು? ‘ನುರಿತ ಸಿಬ್ಬಂದಿಯಿಂದ ಉತ್ತಮ ಗುಣಮಟ್ಟದ ಸೇವೆ’ ಎಂದು ಬರೆಯಬೇಡಿ. ಅದನ್ನು ಓದಿದವರಿಗೆ ಏನೂ ತಿಳಿಯುವುದಿಲ್ಲ. ಹಾಸಿಗೆ ಹಿಡಿದವರ ಪುಟವನ್ನು ನಾನಾದರೆ ಹೀಗೆ ಶುರು ಮಾಡುತ್ತೇನೆ:

‘ಮಲಗಿದಲ್ಲೇ ಇರುವವರನ್ನು ನಮ್ಮವರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ, ಹಾಸಿಗೆ ಹುಣ್ಣು ಆಗದಿರಲಿ ಎಂದು. ಬೆನ್ನು, ಸೊಂಟ, ಹಿಮ್ಮಡಿ ಕೆಂಪಾಗಿದೆಯೇ ಎಂದು ದಿನಾ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಮೈ ಒರೆಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು ಅವರ ಕೆಲಸ. ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವಾಗ ರೋಗಿಯ ತಲೆಯ ಭಾಗ ಎತ್ತಿರಬೇಕು, ಕೊಟ್ಟ ಮೇಲೂ ಸ್ವಲ್ಪ ಹೊತ್ತು ಹಾಗೇ ಇರಬೇಕು. ಇದರಲ್ಲಿ ತರಬೇತಿ ಆದವರನ್ನಷ್ಟೇ ಕಳಿಸುತ್ತೇವೆ. ನಳಿಕೆ ಹೊಸದಾಗಿ ಹಾಕುವುದು ಅಟೆಂಡರ್ ಕೆಲಸವಲ್ಲ, ಅದಕ್ಕೆ ನರ್ಸ್ ಬರುತ್ತಾರೆ. ಮನೆ ಮಂದಿಗೆಲ್ಲ ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು ಅವರ ಕೆಲಸದಲ್ಲಿ ಸೇರಿಲ್ಲ.’

ಇದನ್ನು ಓದಿದ ಮಗಳಿಗೆ ನಿಮಗೆ ಕೆಲಸ ಗೊತ್ತಿದೆ ಎಂದು ತಿಳಿಯುತ್ತದೆ. ಅವಳು ಹುಡುಕುವ ಪದಗಳೆಲ್ಲ ಪುಟದಲ್ಲಿ ತಾವಾಗಿಯೇ ಬಂದಿರುತ್ತವೆ. ‘ಹಾಸನ ಹೋಂ ನರ್ಸ್’ ಎಂದು ಇಪ್ಪತ್ತು ಸಲ ತುರುಕುವ ಅಗತ್ಯವೇ ಬೀಳುವುದಿಲ್ಲ. ಹಾಗೆ ತುರುಕಿದರೆ ಗೂಗಲ್ ಅದನ್ನು ಕಸವೆಂದೇ ಎಣಿಸುತ್ತದೆ. ಪುಟದ ಹಿಂದೆ ಅಡಗಿಸುವ ಕೀವರ್ಡ್ (ಹುಡುಕುವ ಪದಗಳ) ಪಟ್ಟಿಗೂ ಕಾಸು ಕೊಡಬೇಡಿ. ಆ ಪಟ್ಟಿಯನ್ನು ತಾನು ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ನರ್ಸ್ ಯಾರು, ಅಟೆಂಡರ್ ಯಾರು ಎಂಬುದನ್ನು ಮುಚ್ಚಿಡಬೇಡಿ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್‌ಸಿ ನರ್ಸಿಂಗ್ ಓದಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡವರು ನರ್ಸ್. ಉಳಿದವರು ಅಟೆಂಡರ್, ಅಂದರೆ ಆರೈಕೆ ಮಾಡುವವರು. ನಮ್ಮ ಕಡೆ ಇಬ್ಬರನ್ನೂ ‘ಹೋಂ ನರ್ಸ್’ ಎಂದೇ ಕರೆಯುತ್ತಾರೆ. ಹಾಗಾಗಿ ಆ ಪದ ಬಳಸಿ, ಆದರೆ ಅದೇ ಪುಟದಲ್ಲಿ ವ್ಯತ್ಯಾಸ ಬಿಡಿಸಿ ಹೇಳಿ. ಇಂಜೆಕ್ಷನ್ ಕೊಡಬೇಕಾದ ಮನೆಗೆ ಆಯಾ ಹೋಗಿ ನಿಂತರೆ ಕಷ್ಟ ರೋಗಿಗೆ.

ದರವನ್ನೂ ಬರೆಯಿರಿ. 12 ಗಂಟೆ ಪಾಳಿಗೆ ಎಷ್ಟರಿಂದ ಎಷ್ಟು, 24 ಗಂಟೆ ಮನೆಯಲ್ಲೇ ಉಳಿಯುವುದಕ್ಕೆ ಎಷ್ಟು, ಅಡ್ವಾನ್ಸ್ ಇದೆಯೇ, ಊಟ ಯಾರದು, ಅವರು ರಜೆ ಹಾಕಿದರೆ ಬದಲಿ ಎಷ್ಟು ಹೊತ್ತಿನಲ್ಲಿ ಬರುತ್ತಾರೆ. ‘ದರ ಹಾಕಿದರೆ ಪಕ್ಕದವರು ಕಡಿಮೆ ಮಾಡುತ್ತಾರೆ’ ಎಂದು ಏಜೆನ್ಸಿಯವರು ಹೆದರುತ್ತಾರೆ. ಪಕ್ಕದವರಿಗೆ ನಿಮ್ಮ ದರ ಈಗಾಗಲೇ ಗೊತ್ತಿದೆ. ಗೊತ್ತಿಲ್ಲದಿರುವುದು ಬೆಂಗಳೂರಿನಲ್ಲೋ ದುಬೈನಲ್ಲೋ ಕೂತು ರಾತ್ರಿ ಹನ್ನೊಂದಕ್ಕೆ ನಿಮ್ಮ ಸೈಟ್ ನೋಡುತ್ತಿರುವ ಮಗನಿಗೆ ಮಾತ್ರ.

ಇನ್ನು ನುಡಿ ಫಾಂಟಿನ ವಿಷಯ. ಕರಪತ್ರಕ್ಕೆಂದು ಡಿಟಿಪಿ ಅಂಗಡಿಯಲ್ಲಿ ಹೊಡೆಸಿದ ಮಾತುಗಳನ್ನೇ ಸೈಟಿಗೆ ಹಾಕಿ ಎಂದು ತಂದುಕೊಡುವವರು ಬಹಳ. ಅವು ಬಹುಪಾಲು ನುಡಿಯಂಥ ಹಳೇ ಆಸ್ಕಿ ಫಾಂಟಿನಲ್ಲಿರುತ್ತವೆ. ನಮ್ಮ ಕಣ್ಣಿಗೆ ‘ಹಾಸನ’ ಎಂದು ಕಂಡರೂ ಒಳಗಿರುವುದು ಲ್ಯಾಟಿನ್ ಗುರುತುಗಳು. ಗೂಗಲ್‌ಗೆ ಅದು ಕನ್ನಡವೇ ಅಲ್ಲ. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್, ಗೂಗಲ್ ಓದಬಲ್ಲ ಕನ್ನಡ. ವಿಚಿತ್ರ ಗುರುತುಗಳಾದರೆ ಪರಿವರ್ತಿಸಬೇಕು. ನುಡಿ, ಬರಹ ತಂತ್ರಾಂಶಗಳಲ್ಲೇ ಪರಿವರ್ತಕ ಇದೆ. ಆದರೆ ಪರಿವರ್ತಿಸಿ ಹಾಗೇ ಏರಿಸಬೇಡಿ, ಅರ್ಕಾವತ್ತು ಜಾಗ ತಪ್ಪುತ್ತದೆ. ‘ವರ್ಷ’ ಹೋಗಿ ‘ವಷರ್’ ಆಗಿರುವುದನ್ನು ಎಷ್ಟೋ ಸೈಟುಗಳಲ್ಲಿ ನೋಡಿರುತ್ತೀರಿ. ನಿಮ್ಮ ವ್ಯವಹಾರದ ಮುಖ್ಯ ಪದವಾದ ‘ನರ್ಸ್’ನಲ್ಲೇ ಅರ್ಕಾವತ್ತಿದೆ. ಅದು ‘ನಸ್ರ್’ ಆಗಿ ಕೂತರೆ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಒಂದೊಂದು ಸಾಲನ್ನೂ ಜೋರಾಗಿ ಓದಿ ತಿದ್ದಿ. ಇಡೀ ಕರಪತ್ರವನ್ನು ಚಿತ್ರವಾಗಿ ಅಂಟಿಸುವ ಅಡ್ಡದಾರಿಯಂತೂ ಬೇಡವೇ ಬೇಡ.

ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಪುಟ, ಬೇರೆ ಬೇರೆ ವಿಳಾಸ ಇರಲಿ. ಮೂಲೆಯಲ್ಲಿ ‘ಅನುವಾದಿಸಿ’ ಗುಂಡಿ ಇಟ್ಟು ಕೈತೊಳೆದುಕೊಳ್ಳಬೇಡಿ. ಗುಂಡಿ ಒತ್ತಿದಾಗ ಹುಟ್ಟುವ ಕನ್ನಡ ಹುಡುಕಾಟದಲ್ಲಿ ಸಿಗುವುದಿಲ್ಲ.

ತಾಲ್ಲೂಕಿನ ಪುಟಗಳಲ್ಲೂ ಅಡ್ಡದಾರಿ ಹಿಡಿಯುತ್ತಾರೆ. ಜಿಲ್ಲೆಯಲ್ಲಿ ಎಂಟು ತಾಲ್ಲೂಕು, ಒಂದೇ ಪುಟವನ್ನು ಎಂಟು ಸಲ ನಕಲು ಮಾಡಿ ಊರಿನ ಹೆಸರು ಮಾತ್ರ ಬದಲಿಸುವುದು. ಇಂಥ ಪುಟಗಳ ವಿರುದ್ಧ ಗೂಗಲ್‌ನ ನಿಯಮವೇ ಇದೆ. ಹೇಳಲು ಬೇರೆ ವಿಷಯ ಇರುವ ಊರಿಗೆ ಮಾತ್ರ ಬೇರೆ ಪುಟ ಮಾಡಿ. ಸಕಲೇಶಪುರದ ಎಸ್ಟೇಟ್ ಮನೆಗಳಿಗೆ ದಿನಾ ಹೋಗಿಬರುವ ಪಾಳಿ ಹೊಂದುವುದಿಲ್ಲ, ಉಳಿದುಕೊಳ್ಳುವವರೇ ಬೇಕು, ಮಳೆಗಾಲದಲ್ಲಿ ಸಿಗ್ನಲ್ ಇಲ್ಲದಾಗ ಮನೆಯವರಿಗೆ ಸುದ್ದಿ ಮುಟ್ಟಿಸುವುದು ಹೇಗೆ? ಅದನ್ನು ಬರೆಯಿರಿ. ಅರಸೀಕೆರೆಗೆ ರೈಲಿನಲ್ಲಿ ಸಿಬ್ಬಂದಿ ಕಳಿಸುತ್ತೀರಾದರೆ ಅದನ್ನು ಬರೆಯಿರಿ.

ಪ್ರತಿ ಪುಟದ ಟೈಟಲ್, ಅಂದರೆ ಹುಡುಕಾಟದ ಪಟ್ಟಿಯಲ್ಲಿ ಕಾಣುವ ತಲೆಬರಹ, ಬೇರೆಯಾಗಿರಲಿ. ‘ಸ್ವಾಗತ’ ಎಂಬ ಟೈಟಲ್ ಇದ್ದರೆ ಅಳಿಸಿ, ‘ಹಾಸನದಲ್ಲಿ ಹಾಸಿಗೆ ಹಿಡಿದವರ ಆರೈಕೆ, ಹೋಂ ನರ್ಸ್’ ಎಂದು ಬರೆದು ಕೊನೆಗೆ ಏಜೆನ್ಸಿ ಹೆಸರು ಹಾಕಿ.

ನಾಲ್ಕನೆಯದು: ಚಿತ್ರ, ವೇಗ, ಫೋನ್ ನಂಬರ್

ಚಿತ್ರಗಳು ಸರಿದಾಡುವ ಸ್ಲೈಡರ್ ತೆಗೆಯಿರಿ. ವಿದೇಶಿ ಅಜ್ಜ ಅಜ್ಜಿಯರ ಚಿತ್ರ ತೆಗೆದು ನಿಮ್ಮ ಸಿಬ್ಬಂದಿ ಗುರುತಿನ ಚೀಟಿ ಹಾಕಿಕೊಂಡು ನಿಂತ ಫೋಟೊ ಹಾಕಿ, ಅವರ ಒಪ್ಪಿಗೆ ಕೇಳಿ. ರೋಗಿಯ ಫೋಟೊ ಮಾತ್ರ ಬೇಡ. ಮನೆಯವರು ‘ಪರವಾಗಿಲ್ಲ’ ಎಂದರೂ ಬೇಡ, ಹಾಸಿಗೆಯಲ್ಲಿರುವವರು ಬೇಡವೆನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೊ ನಾಲ್ಕೈದು ಎಂಬಿ ಇರುತ್ತದೆ, ಕುಗ್ಗಿಸಿ 200 ಕೆಬಿ ಒಳಗೆ ತನ್ನಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟಿನ ವಿಳಾಸ ಹಾಕಿದರೆ ಮೊಬೈಲಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ಪುಕ್ಕಟೆಯಾಗಿ ತಿಳಿಯುತ್ತದೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು.

ಫೋನ್ ನಂಬರ್ ಅಕ್ಷರ ರೂಪದಲ್ಲಿ ಪ್ರತಿ ಪುಟದ ಮೇಲೂ ಇರಲಿ. ಒತ್ತಿದರೆ ಕರೆ ಹೋಗಬೇಕು, ಪಕ್ಕದಲ್ಲೇ ವಾಟ್ಸಾಪ್ ಗುಂಡಿ ಇರಬೇಕು. ಅರ್ಜಿ ಇಡುವುದಾದರೆ ಹೆಸರು, ನಂಬರ್, ಊರು, ಏನು ಬೇಕು ಎಂಬ ನಾಲ್ಕೇ ಪ್ರಶ್ನೆ ಸಾಕು. ಡಿಸ್‌ಚಾರ್ಜ್ ಸಮರಿ ಏರಿಸಿ ಎಂದು ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜನರ ಮಾಹಿತಿ ಇಟ್ಟುಕೊಳ್ಳುವುದು ಜವಾಬ್ದಾರಿಯ ಕೆಲಸ. ಬೇಡದ್ದನ್ನು ಕೇಳದಿರುವುದೇ ಒಳ್ಳೆಯದು.

ಐದನೆಯದು: ಗೂಗಲ್ ಮ್ಯಾಪ್‌ನಲ್ಲಿ ಹೆಸರು

ಊರಿನ ಮಟ್ಟದ ಹುಡುಕಾಟದಲ್ಲಿ ಮೊದಲು ಕಣ್ಣಿಗೆ ಬೀಳುವುದು ಮ್ಯಾಪ್‌ನ ಪಟ್ಟಿ. ಅದರಲ್ಲಿ ಹೆಸರು ಬರಲು ಬೇಕಾದ ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ, ನೀವೇ ಮಾಡಬಹುದು. ವರ್ಗ ಆರಿಸುವಾಗ ಎಚ್ಚರ. ‘ನರ್ಸಿಂಗ್ ಹೋಂ’ ಆರಿಸಿದ ಏಜೆನ್ಸಿಗಳನ್ನು ನೋಡಿದ್ದೇನೆ. ಹೋಂ ನರ್ಸಿಂಗ್ ಬೇರೆ, ನರ್ಸಿಂಗ್ ಹೋಂ ಬೇರೆ. ಹಾಗೆ ಆರಿಸಿದರೆ ಬೆಡ್ ಖಾಲಿ ಇದೆಯೇ ಎಂದು ಕೇಳುವವರೇ ಫೋನ್ ಮಾಡುತ್ತಾರೆ. ‘ಹೋಮ್ ಹೆಲ್ತ್ ಕೇರ್ ಸರ್ವಿಸ್’ ಆರಿಸಿ. ಸೇವಾ ಪ್ರದೇಶ 20ರವರೆಗೆ ಸೇರಿಸಬಹುದು, ಸಿಬ್ಬಂದಿ ಕಳಿಸಲಾಗುವ ಊರುಗಳನ್ನಷ್ಟೇ ಸೇರಿಸಿ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರೇ ಇರಲಿ. ‘ನಂಬರ್ ಒನ್ ಹೋಂ ನರ್ಸ್ ಹಾಸನ’ ಎಂದು ಬಾಲ ಸೇರಿಸಿದರೆ ಪ್ರೊಫೈಲನ್ನೇ ಅಮಾನತು ಮಾಡುವ ಸಾಧ್ಯತೆ ಇದೆ. ಸೈಟಿನಲ್ಲಿ, ಮ್ಯಾಪ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಹೆಸರು, ವಿಳಾಸ, ನಂಬರ್ ಮೂರೂ ಒಂದೇ ರೀತಿ ಇರಲಿ.

ಸೇವೆ ಮುಗಿದ ವಾರದಲ್ಲಿ ಮನೆಯವರಿಗೆ ಗೂಗಲ್ ವಿಮರ್ಶೆಯ ಕೊಂಡಿ (ಲಿಂಕ್) ಕಳಿಸಿ, ‘ಎರಡು ಸಾಲು ಬರೆಯುತ್ತೀರಾ’ ಎಂದು ಕೇಳಿ. ರೋಗಿ ತೀರಿಕೊಂಡ ಮನೆಗೆ ಕಳಿಸಬೇಡಿ. ರಿಯಾಯಿತಿ ಕೊಟ್ಟು ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಕಟ್ಟುಗಟ್ಟಲೆ ಮಾರುವವರಿಂದ ಕೊಳ್ಳುವುದಂತೂ ಮೋಸ. ಯಾರಾದರೂ ಬೈದು ಬರೆದರೆ ಅದೇ ದಿನ ವಿನಯದಿಂದ ಉತ್ತರಿಸಿ. ಉತ್ತರದಲ್ಲಿ ರೋಗಿಯ ಕಾಯಿಲೆಯ ಹೆಸರು ಎತ್ತಬೇಡಿ.

ಈ ನಡುವೆ ‘ಒಂದು ತಿಂಗಳಲ್ಲಿ ಮೊದಲ ಸ್ಥಾನ ಗ್ಯಾರಂಟಿ’ ಎಂದು ಫೋನ್ ಬರುತ್ತದೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಎಂದು ಗೂಗಲ್ಲೇ ಹೇಳಿದೆ. ಆ ಹಣದಲ್ಲಿ ರಾತ್ರಿ ಫೋನ್ ಎತ್ತಲು ಒಬ್ಬರನ್ನು ಇಟ್ಟುಕೊಳ್ಳಿ.

ಆರನೆಯದು: ಮೂರು ತಿಂಗಳಾದ ಮೇಲೆ

ಸೈಟನ್ನು ಗೂಗಲ್ ಸರ್ಚ್ ಕನ್ಸೋಲ್‌ಗೆ ಮೊದಲ ದಿನವೇ ಸೇರಿಸಿರಿ, ಇದೂ ಪುಕ್ಕಟೆ. ಜನ ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಎಂದು ಅದು ತೋರಿಸುತ್ತದೆ. ಬಹಳ ಸಲ ಕಾಣಿಸಿಯೂ ಯಾರೂ ಒತ್ತದ ಪುಟವಿದ್ದರೆ ಅದರ ಟೈಟಲ್ ಬದಲಿಸಿ. ನೀವು ಪುಟವೇ ಬರೆಯದ ಪದವೊಂದು ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ, ‘ರಾತ್ರಿ ಮಾತ್ರ ಹೋಂ ನರ್ಸ್’ ಎಂದೋ ‘ಹೊಳೆನರಸೀಪುರ ಬಾಣಂತಿ ಆರೈಕೆ’ ಎಂದೋ, ಅಂಥವರನ್ನು ಕಳಿಸಲು ನಿಮ್ಮಲ್ಲಿ ಜನ ಇದ್ದಾರೆಯೇ ನೋಡಿಕೊಂಡು ಮುಂದಿನ ಪುಟ ಅದರ ಮೇಲೇ ಬರೆಯಿರಿ.