ಬೆರಳಿಗೆ ನೆನಪಿರುವ ಹೋಮ್ ಸ್ಕ್ರೀನ್: ಸ್ಕ್ರೀನ್ ರೀಡರ್ ಬಳಸಿ ಆ್ಯಪ್ ಮತ್ತು ಫೋಲ್ಡರ್ ಜೋಡಿಸುವ ಕ್ರಮ

ಕಣ್ಣು ಕಾಣುವವರು ಫೋನಿನ ಪರದೆಯ ಮೇಲೆ ಒಮ್ಮೆ ದೃಷ್ಟಿ ಹಾಯಿಸಿ, ಬಣ್ಣ ಮತ್ತು ಆಕಾರದ ಗುರುತಿನಿಂದಲೇ ಬೇಕಾದ ಆ್ಯಪನ್ನು ಹಿಡಿಯುತ್ತಾರೆ. ಅದು ಯಾವ ಮೂಲೆಯಲ್ಲಿದ್ದರೂ ಅವರಿಗೆ ಅಷ್ಟೇನೂ ತೊಂದರೆಯಾಗುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರನ್ನು, ಅಂದರೆ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಅಥವಾ ಐಫೋನಿನ ವಾಯ್ಸ್‌ಓವರ್ ಬಳಸುವ ನಮಗೆ ಅದೇ ಪರದೆ ಒಂದರ ಹಿಂದೆ ಒಂದು ಹೆಸರು ಕೇಳಿಸುವ ಉದ್ದನೆಯ ಸಾಲು. ಮೊದಲ ಐಕಾನಿನಿಂದ ಬಲಕ್ಕೆ ಸ್ವೈಪ್ ಮಾಡುತ್ತ ಹೋದರೆ 20ನೆಯ ಐಕಾನ್ ತಲುಪಲು 19 ಬಾರಿ ಬೆರಳಾಡಿಸಬೇಕು. ಇನ್ನೊಂದು ದಾರಿಯೂ ಇದೆ: ಐಕಾನ್ ಇರುವ ಜಾಗದ ಮೇಲೆಯೇ ನೇರವಾಗಿ ಬೆರಳಿಟ್ಟು, ಹೆಸರು ಕೇಳಿ, ಡಬಲ್ ಟ್ಯಾಪ್ ಮಾಡಿ ತೆರೆಯುವುದು. ಈ ಎರಡನೆಯ ದಾರಿ ಸುಗಮವಾಗುವಂತೆ ಆ್ಯಪ್‌ಗಳನ್ನು ಕೂರಿಸುವುದೇ ಜೋಡಣೆಯ ಗುರಿ.

ಜೋಡಿಸುವ ಮೊದಲು ಖಾಲಿ ಮಾಡಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಹೋಮ್ ಸ್ಕ್ರೀನಿನಿಂದ ಒಂದು ಐಕಾನನ್ನು ತೆಗೆದರೆ ಆ್ಯಪ್ ಅಳಿಯುವುದಿಲ್ಲ, ಅದು ಎಲ್ಲ ಆ್ಯಪ್‌ಗಳ ಪಟ್ಟಿಯಾದ ಆ್ಯಪ್ ಡ್ರಾಯರಿನಲ್ಲಿ ಇದ್ದೇ ಇರುತ್ತದೆ. ಐಫೋನಿನಲ್ಲಿ 2020ರಲ್ಲಿ ಬಂದ ಐಓಎಸ್ 14ರ ನಂತರ ಆ್ಯಪ್ ಲೈಬ್ರರಿ ಇದೇ ಕೆಲಸ ಮಾಡುತ್ತದೆ. ಆದರೆ ಅಲ್ಲಿ ಡಿಲೀಟ್ ಆ್ಯಪ್ ಮತ್ತು ರಿಮೂವ್ ಫ್ರಮ್ ಹೋಮ್ ಸ್ಕ್ರೀನ್ ಎಂಬ ಎರಡು ಆಯ್ಕೆಗಳು ಅಕ್ಕಪಕ್ಕದಲ್ಲೇ ಕೇಳಿಸುವುದರಿಂದ, ಹೆಸರನ್ನು ಪೂರ್ತಿ ಕೇಳಿದ ಮೇಲೆಯೇ ಡಬಲ್ ಟ್ಯಾಪ್ ಮಾಡಬೇಕು. ತಿಂಗಳಿಗೊಮ್ಮೆ ಬಳಸುವ ಆ್ಯಪ್‌ಗಳನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಹೆಸರು ಬರೆದು ತೆರೆಯಬಹುದು. ಅವುಗಳಿಗೆ ಮೊದಲ ಪುಟದಲ್ಲಿ ಜಾಗ ಕೊಡುವ ಅಗತ್ಯವಿಲ್ಲ.

ಬೆರಳಿಗೆ ತಾನಾಗಿ ಸಿಗುವ ಜಾಗಗಳು ಪರದೆಯ ಮೇಲೆ ಕೆಲವೇ ಇವೆ: ಮೂಲೆಗಳು, ಎಡ ಮತ್ತು ಬಲ ಅಂಚುಗಳು, ಪುಟ ಬದಲಿಸಿದರೂ ಕೆಳಗೆ ಹಾಗೆಯೇ ಉಳಿಯುವ ಡಾಕ್ ಎಂಬ ಸಾಲು. ಫೋನಿನ ಹೊರಗಿನ ಅಂಚು ಕೈಗೆ ತಾಗುವುದರಿಂದ ಇವನ್ನು ಗುರುತಿಸಲು ಕಣ್ಣು ಬೇಕಾಗುವುದಿಲ್ಲ. ಪರದೆಯ ನಟ್ಟನಡುವೆ ಇರುವ ಐಕಾನ್ ಮಾತ್ರ ಸುಲಭವಾಗಿ ಕೈಗೆ ಸಿಗುವುದಿಲ್ಲ. ಆದ್ದರಿಂದ ಅವಸರದಲ್ಲಿ ಬೇಕಾಗುವ ಆ್ಯಪ್‌ಗಳು ಮೂಲೆಗೆ ಹೋಗಬೇಕು. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೈಗಿಟ್ಟಾಗ ನೋಟು ಎಷ್ಟರದ್ದೆಂದು ಅಲ್ಲೇ ತಿಳಿಯಬೇಕಾಗುತ್ತದೆ. ಭಾರತೀಯ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬಿಡುಗಡೆ ಮಾಡಿದ ಮಣಿ ಆ್ಯಪ್ ಇಂಟರ್ನೆಟ್ ಇಲ್ಲದೆಯೂ ನೋಟನ್ನು ಗುರುತಿಸುವುದರಿಂದ, ನನ್ನ ಫೋನಿನಲ್ಲಿ ಅದಕ್ಕೆ ಮೇಲಿನ ಬಲ ಮೂಲೆ ಮೀಸಲು. ಡಾಕ್‌ನಲ್ಲಿ ಕರೆ, ಸಂದೇಶ ಮತ್ತು ಹಣ ಪಾವತಿಯ ಆ್ಯಪ್ ಇದ್ದರೆ ಸಾಕು. ಲಾಂಚರಿನಲ್ಲಿ (ಹೋಮ್ ಸ್ಕ್ರೀನನ್ನು ನಡೆಸುವ ಆ್ಯಪಿನಲ್ಲಿ) ಗ್ರಿಡ್, ಅಂದರೆ ಐಕಾನುಗಳ ಸಾಲು ಮತ್ತು ಕಾಲಂ ಸಂಖ್ಯೆ ಬದಲಿಸುವ ಸೌಲಭ್ಯವಿದ್ದರೆ 5 ಕಾಲಂ ಇರುವುದನ್ನು 4 ಅಥವಾ 3ಕ್ಕೆ ಇಳಿಸಿ. ಐಕಾನುಗಳ ಸಂಖ್ಯೆ ಕಡಿಮೆಯಾದರೂ ಪ್ರತಿಯೊಂದಕ್ಕೂ ಸಿಗುವ ಜಾಗ ಹಿಗ್ಗುತ್ತದೆ, ಬೆರಳು ತಪ್ಪುವುದು ಕಡಿಮೆಯಾಗುತ್ತದೆ.

ಈಗ ಆಂಡ್ರಾಯ್ಡ್‌ನಲ್ಲಿ ಐಕಾನನ್ನು ಸರಿಸುವ ಬಗೆ. ಡಬಲ್ ಟ್ಯಾಪ್ ಮಾಡಿ, ಬೆರಳೆತ್ತದೆ ಎಳೆದುಕೊಂಡು ಹೋಗುವ ವಿಧಾನವೊಂದು ಇದೆ. ಐಕಾನ್ ಎಲ್ಲಿ ಬಿತ್ತೆಂಬುದು ಬಿದ್ದ ಮೇಲೆಯೇ ತಿಳಿಯುವುದರಿಂದ ಅದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಅದರ ಬದಲು ಸರಿಸಬೇಕಾದ ಐಕಾನಿನ ಮೇಲೆ ಫೋಕಸ್ ಇಟ್ಟು (ಅದರ ಹೆಸರು ಕೇಳಿಸುವಂತೆ ಬೆರಳು ತಂದು), ಮೂರು ಬೆರಳಿನಿಂದ ಒಮ್ಮೆ ತಟ್ಟಿ ಟಾಕ್‌ಬ್ಯಾಕ್ ಮೆನು ತೆರೆಯಿರಿ. ಹಳೆಯ ಫೋನುಗಳಲ್ಲಿ ಒಂದೇ ಬೆರಳನ್ನು ಕೆಳಗೆಳೆದು ಹಾಗೆಯೇ ಬಲಕ್ಕೆ ತಿರುಗಿಸಿದರೆ ಇದೇ ಮೆನು ಬರುತ್ತದೆ. ಅದರಲ್ಲಿ ಆ್ಯಕ್ಷನ್ಸ್ ಎಂಬುದನ್ನು ಆರಿಸಿದರೆ ಮೂವ್ ಐಟಂ, ರಿಮೂವ್, ಅನ್‌ಇನ್‌ಸ್ಟಾಲ್ ಮುಂತಾದವು ಕೇಳಿಸುತ್ತವೆ. ಫೋನಿನ ಭಾಷೆ ಕನ್ನಡವಾಗಿದ್ದರೆ ಈ ಹೆಸರುಗಳು ಕನ್ನಡದಲ್ಲಿರುತ್ತವೆ, ಕಂಪನಿಯಿಂದ ಕಂಪನಿಗೆ ಪದ ಸ್ವಲ್ಪ ಬೇರೆಯಾಗುವುದೂ ಉಂಟು. ಮೂವ್ ಐಟಂ ಆರಿಸಿದ ಮೇಲೆ ಪರದೆಯ ಮೇಲೆ ನಿಧಾನವಾಗಿ ಬೆರಳಾಡಿಸಿ. ಪಿಕ್ಸೆಲ್ ಫೋನಿನ ಲಾಂಚರ್ ಈ ಹಂತದಲ್ಲಿ ಖಾಲಿ ಜಾಗವನ್ನು ಸಾಲು ಮತ್ತು ಕಾಲಂ ಸಂಖ್ಯೆಯಿಂದ ಹೇಳುತ್ತದೆ. ಬೆರಳು ಬೇರೊಂದು ಆ್ಯಪಿನ ಮೇಲೆ ಬಂದರೆ ಅದರೊಂದಿಗೆ ಫೋಲ್ಡರ್ ರಚಿಸಬೇಕೆ ಎಂದೂ, ಫೋಲ್ಡರಿನ ಮೇಲೆ ಬಂದರೆ ಅದಕ್ಕೆ ಸೇರಿಸಬೇಕೆ ಎಂದೂ ತಿಳಿಸುತ್ತದೆ. ಬೇಕಾದ್ದು ಕೇಳಿಸಿದಾಗ ಡಬಲ್ ಟ್ಯಾಪ್ ಮಾಡಿದರೆ ಕೆಲಸ ಮುಗಿಯಿತು. ಹೊಸ ಫೋಲ್ಡರನ್ನು ತೆರೆದು, ಒಳಗಿರುವ ಹೆಸರಿನ ಎಡಿಟ್ ಬಾಕ್ಸ್ ಮೇಲೆ ಡಬಲ್ ಟ್ಯಾಪ್ ಮಾಡಿ ಹೆಸರು ಬರೆಯಬಹುದು.

ಐಫೋನಿನ ಕ್ರಮ ಇನ್ನೂ ಅಚ್ಚುಕಟ್ಟಾಗಿದೆ. ಐಕಾನಿನ ಮೇಲೆ ಫೋಕಸ್ ಇಟ್ಟು, ರೋಟರ್ (ಎರಡು ಬೆರಳನ್ನು ಪರದೆಯ ಮೇಲೆ ತಿರುಗಿಸಿ ಬದಲಿಸುವ ವಾಯ್ಸ್‌ಓವರ್ ಆಯ್ಕೆ) ಆ್ಯಕ್ಷನ್ಸ್‌ನಲ್ಲಿ ಇರುವಾಗ ಒಂದು ಬೆರಳಿನಿಂದ ಕೆಳಕ್ಕೆ ಸ್ವೈಪ್ ಮಾಡುತ್ತ ಎಡಿಟ್ ಮೋಡ್ ಕೇಳಿಸಿದಾಗ ಡಬಲ್ ಟ್ಯಾಪ್ ಮಾಡಿ. ಬಳಿಕ ಅದೇ ರೀತಿಯಲ್ಲಿ ಡ್ರ್ಯಾಗ್ ಎಂಬ ಆಯ್ಕೆಯನ್ನು ಹಿಡಿದು, ಗುರಿಯ ಐಕಾನಿನ ಬಳಿ ಹೋಗಿ, ಮತ್ತೆ ಕೆಳಕ್ಕೆ ಸ್ವೈಪ್ ಮಾಡಿದರೆ ಅದರ ಮೊದಲು ಇಳಿಸುವುದು, ನಂತರ ಇಳಿಸುವುದು, ಅದರೊಂದಿಗೆ ಫೋಲ್ಡರ್ ಮಾಡುವುದು ಎಂಬ ಆಯ್ಕೆಗಳು ಒಂದೊಂದಾಗಿ ಬರುತ್ತವೆ. ಪುಟ ಬದಲಿಸಲು ಮೂರು ಬೆರಳಿನ ಸ್ವೈಪ್ ಎಂದಿನಂತೆ ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: 2024ರ ಐಓಎಸ್ 18ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಐಕಾನುಗಳ ನಡುವೆ ಖಾಲಿ ಜಾಗ ಬಿಡಲು ಬರುವುದಿಲ್ಲ. ನಡುವಿನ ಒಂದನ್ನು ತೆಗೆದರೆ ಹಿಂದಿನವೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿದು, ಬೆರಳಿಗೆ ರೂಢಿಯಾದ ಲೆಕ್ಕ ತಪ್ಪಿಹೋಗುತ್ತದೆ. ಅಂಥ ಫೋನಿನಲ್ಲಿ ಮುಖ್ಯವಾದವನ್ನು ಮೇಲಿನ ಎಡ ಮೂಲೆಯಿಂದ ತುಂಬುತ್ತ ಬರಬೇಕು, ಮುಂದೆ ತೆಗೆದುಹಾಕಬಹುದಾದವು ಕೊನೆಯಲ್ಲಿರಬೇಕು.

ಫೋಲ್ಡರ್ ಮಾಡುವುದಕ್ಕಿಂತ ಅದಕ್ಕೆ ಹೆಸರಿಡುವುದೇ ಹೆಚ್ಚು ಯೋಚನೆ ಬೇಡುವ ಕೆಲಸ. ಸ್ಕ್ರೀನ್ ರೀಡರನ್ನು ರೂಢಿ ಮಾಡಿಕೊಂಡವರು ಹೆಸರನ್ನು ಪೂರ್ತಿ ಕೇಳುವುದಿಲ್ಲ; ಮೊದಲ ಅಕ್ಷರ ಕಿವಿಗೆ ಬಿದ್ದೊಡನೆ ಬೇಕೋ ಬೇಡವೋ ಎಂದು ತೀರ್ಮಾನಿಸಿ ಮುಂದೆ ಹೋಗುತ್ತಾರೆ. ಹಾಗಾಗಿ ಹೆಸರುಗಳು ಚಿಕ್ಕವಾಗಿರಬೇಕು, ಪ್ರತಿಯೊಂದರ ಮೊದಲ ಅಕ್ಷರವೂ ಬೇರೆಯಾಗಿರಬೇಕು. ಹಣ, ಓದು, ಪ್ರಯಾಣ, ಮಾತು ಎಂಬ ನಾಲ್ಕು ಹೆಸರುಗಳು ಇದಕ್ಕೆ ಒಪ್ಪುತ್ತವೆ. ಬ್ಯಾಂಕ್ ಕೆಲಸ, ಬ್ಯಾಂಕ್ ಪಾವತಿ ಎಂಬ ಎರಡು ಫೋಲ್ಡರುಗಳಿದ್ದರೆ ಪ್ರತಿಸಲವೂ ಎರಡನೆಯ ಪದದವರೆಗೆ ಕಾಯಬೇಕು. ಬೆಂಗಳೂರಿನಲ್ಲಿರುವವರಿಗೆ ಈ ತೊಂದರೆ ಆ್ಯಪ್‌ಗಳ ಹೆಸರಿನಲ್ಲೇ ಇದೆ: ನಮ್ಮ ಯಾತ್ರಿ, ನಮ್ಮ ಮೆಟ್ರೋ, ನಮ್ಮ ಬಿಎಂಟಿಸಿ. ಅಕ್ಷರಕ್ರಮದ ಡ್ರಾಯರಿನಲ್ಲಿ ಇವೆಲ್ಲ ಒಟ್ಟಿಗೇ ಬಂದು, ನಮ್ಮ ನಮ್ಮ ಎಂದು ಕೇಳಿಸುತ್ತಲೇ ಇರುತ್ತವೆ. ಇವನ್ನು ಪ್ರಯಾಣದ ಫೋಲ್ಡರಿನೊಳಗೆ ಹಾಕಿ, ನೀವು ಹೆಚ್ಚು ಬಳಸುವುದನ್ನು ಮೊದಲ ಸ್ಥಾನದಲ್ಲಿ ಇಟ್ಟರೆ ಹೆಸರು ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಫೋಲ್ಡರಿಗೆ ಕನ್ನಡ ಲಿಪಿಯಲ್ಲಿ ಹೆಸರಿಟ್ಟರೆ ಅದನ್ನು ಓದಬಲ್ಲ ಧ್ವನಿ ಫೋನಿನಲ್ಲಿರಬೇಕು. ಗೂಗಲ್‌ನ ಧ್ವನಿ ಎಂಜಿನ್ನಿನಲ್ಲಿಯೂ, ಇಸ್ಪೀಕ್‌ನಲ್ಲಿಯೂ ಕನ್ನಡವಿದೆ. ಇಂಗ್ಲಿಷ್ ಧ್ವನಿಯನ್ನೇ ಇಟ್ಟುಕೊಂಡವರು ಒಂದು ಫೋಲ್ಡರಿಗೆ ಕನ್ನಡ ಹೆಸರಿಟ್ಟು ಅದು ಹೇಗೆ ಕೇಳಿಸುತ್ತದೆಂದು ನೋಡಿ ಮುಂದುವರಿಯುವುದು ಒಳ್ಳೆಯದು. ಮಕ್ಕಳೋ ಮೊಮ್ಮಕ್ಕಳೋ ಪ್ರೀತಿಯಿಂದ ಹೆಸರಿನ ಮುಂದೆ ಎಮೋಜಿ ಅಂಟಿಸಿದ್ದರೆ ಅದನ್ನು ಅಳಿಸಿ. ಹಣ ಎಂಬ ಒಂದು ಪದ ಕೇಳುವ ಮೊದಲು ಆ ಚಿತ್ರದ ವಿವರಣೆಯನ್ನು ದಿನಕ್ಕೆ ಹತ್ತು ಸಲ ಕೇಳಬೇಕಾಗುತ್ತದೆ. ಐಫೋನ್ ತಾನಾಗಿ ಸೂಚಿಸುವ ಪ್ರೊಡಕ್ಟಿವಿಟಿ, ಎಂಟರ್‌ಟೈನ್‌ಮೆಂಟ್ ಮುಂತಾದ ಉದ್ದನೆಯ ಹೆಸರುಗಳನ್ನೂ ಬದಲಿಸಬಹುದು. ಅದರ ಫೋಲ್ಡರಿನ ಒಂದು ಪುಟದಲ್ಲಿ 9 ಆ್ಯಪ್ ಹಿಡಿಯುತ್ತವೆ. ಹತ್ತನೆಯದು ಒಳಗಿನ ಎರಡನೆಯ ಪುಟಕ್ಕೆ ಹೋಗಿ ಮರೆತೇ ಹೋಗುವುದರಿಂದ, ಒಂಬತ್ತಕ್ಕೆ ನಿಲ್ಲಿಸುವುದು ನನ್ನ ಪದ್ಧತಿ. ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಇಡಲು ಬರುವುದಿಲ್ಲ. ಅದು ಒಳ್ಳೆಯದೇ ಆಯಿತು.

ಜೋಡಿಸಿದ್ದನ್ನು ಕಾಪಾಡಿಕೊಳ್ಳಲು ಎರಡು ಸೆಟ್ಟಿಂಗ್ ಸಾಕು. ಹೊಸ ಆ್ಯಪ್ ಹಾಕಿಕೊಂಡಾಗ ಅದರ ಐಕಾನ್ ತಾನಾಗಿ ಹೋಮ್ ಸ್ಕ್ರೀನಿಗೆ ಬರುವುದನ್ನು ನಿಲ್ಲಿಸಿ: ಆಂಡ್ರಾಯ್ಡ್‌ನಲ್ಲಿ ಇದು ಹೋಮ್ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ, ಐಫೋನಿನಲ್ಲಿ ಹೊಸ ಡೌನ್‌ಲೋಡ್‌ಗಳಿಗೆ ಆ್ಯಪ್ ಲೈಬ್ರರಿ ಓನ್ಲಿ ಎಂದು ಆರಿಸಬೇಕು. ಸ್ಯಾಮ್‌ಸಂಗ್ ಫೋನುಗಳಲ್ಲಿ ಹೋಮ್ ಸ್ಕ್ರೀನ್ ವಿನ್ಯಾಸಕ್ಕೆ ಬೀಗ ಹಾಕುವ ಆಯ್ಕೆಯೂ ಇದೆ. ಹಿಂದೊಮ್ಮೆ ನೆಂಟರೊಬ್ಬರು ನನಗೆ ಉಪಕಾರವಾಗಲೆಂದು ಐಕಾನುಗಳನ್ನೆಲ್ಲ ಬಣ್ಣದ ಪ್ರಕಾರ ಸಾಲುಗೂಡಿಸಿ ಕೊಟ್ಟಿದ್ದರು; ಅದನ್ನು ಸರಿಪಡಿಸಲು ಎರಡು ದಿನ ಹಿಡಿಯಿತು. ಲಾಂಚರ್ ಬದಲಿಸಿದರೂ, ಐಫೋನಿನಲ್ಲಿ ರಿಸೆಟ್ ಹೋಮ್ ಸ್ಕ್ರೀನ್ ಲೇಔಟ್ ಒತ್ತಿದರೂ ಇಷ್ಟೇ ಕೆಲಸ ಮರಳಿ ಬರುತ್ತದೆ, ಏಕೆಂದರೆ ಆಗ ಫೋಲ್ಡರುಗಳೇ ಉಳಿಯುವುದಿಲ್ಲ. ಆದ್ದರಿಂದ ಜೋಡಣೆ ಮುಗಿದ ದಿನವೇ ನೋಟ್ಸ್ ಆ್ಯಪಿನಲ್ಲಿ ಸಾಲಿನ ಪ್ರಕಾರ ಒಂದು ಪಟ್ಟಿ ಬರೆದಿಡಿ: ಮೊದಲ ಸಾಲು ಎಡದಿಂದ ಗಡಿಯಾರ, ಓದು, ಪ್ರಯಾಣ, ಮಣಿ; ಎರಡನೆಯ ಸಾಲು ಹಣ, ಮಾತು; ಉಳಿದ ಎರಡು ಜಾಗ ಖಾಲಿ.