ಬಿಲ್ಡ್ ಮಾಡಿದಾಗಿನ ಆಯ್ಕೆ ಹೆಡರ್‌ನಲ್ಲೇ ಉಳಿಯಬೇಕು: ನನ್ನ ಅನುಭವ

ಸೊನ್ನೆ, 1.875, ಸೊನ್ನೆ, 1.875. ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಓದಿ ಹೇಳಿದ ಸಂಖ್ಯೆಗಳಿವು. ನಮ್ಮ ಸಿ ಭಾಷೆಯ ಲೈಬ್ರರಿ ತುಂಬಿಸಿಕೊಟ್ಟ ಅರೇಯಲ್ಲಿ (ಸಂಖ್ಯೆಗಳ ಸಾಲಿನಲ್ಲಿ) ಎಲ್ಲ ಕಡೆಯೂ 1 ಇರಬೇಕಿತ್ತು. "ಸರ್, ಕಂಪೈಲ್ ಆಗುವಾಗ ಒಂದು ವಾರ್ನಿಂಗ್ ಕೂಡ ಬಂದಿಲ್ಲ" ಎಂದರು.

ಯಂತ್ರಗಳ ಕಂಪನದ ಸಿಗ್ನಲ್ ಸಂಸ್ಕರಿಸುವ ಆ ಲೈಬ್ರರಿಯನ್ನು ನೋಡಿಕೊಳ್ಳುವವನು ನಾನೇ. ಲೆಕ್ಕ ಫ್ಲೋಟ್‌ನಲ್ಲಿ (4 ಬೈಟಿನ ದಶಾಂಶ ಸಂಖ್ಯೆ) ನಡೆಯಬೇಕೋ ಡಬಲ್‌ನಲ್ಲೋ (8 ಬೈಟಿನದು) ಎಂಬುದನ್ನು ಬಿಲ್ಡ್ ಮಾಡುವಾಗ, ಅಂದರೆ ಕೋಡ್ ಕಂಪೈಲ್ ಮಾಡಿ ಲೈಬ್ರರಿ ತಯಾರಿಸುವಾಗ, ಆರಿಸಿಕೊಳ್ಳಬಹುದು. ನಾನು ಡಬಲ್ ಆರಿಸಿ ಸರ್ವರ್‌ನಲ್ಲಿ ಇನ್‌ಸ್ಟಾಲ್ ಮಾಡಿದ್ದೆ. ಆದರೆ ಆ ಆಯ್ಕೆ ಇದ್ದದ್ದು ಕಂಪೈಲರ್‌ಗೆ ನಾನು ಕೊಟ್ಟ ಫ್ಲ್ಯಾಗ್‌ನಲ್ಲಿ. ಲೈಬ್ರರಿ ಬಳಸುವವರು ತಮ್ಮ ಕೋಡ್‌ಗೆ ಸೇರಿಸಿಕೊಳ್ಳುವ ಹೆಡರ್ ಫೈಲ್‌ನಲ್ಲಿ ಇದ್ದದ್ದು "ಈ ಮ್ಯಾಕ್ರೋ ಇದ್ದರೆ ಡಬಲ್, ಇಲ್ಲದಿದ್ದರೆ ಫ್ಲೋಟ್" ಎಂಬ ಷರತ್ತು ಮಾತ್ರ; ಮ್ಯಾಕ್ರೋ ಎಂಬ ಆ ಗುರುತನ್ನು ಕೊಡುವುದು ಆ ಫ್ಲ್ಯಾಗೇ. ಅವರು ಫ್ಲ್ಯಾಗ್ ಕೊಟ್ಟಿರಲಿಲ್ಲ. ಕೊಡಬೇಕೆಂದು ಅವರಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ.

1 ಎಂಬ ಡಬಲ್‌ಗೆ ಮೆಮೊರಿಯಲ್ಲಿ 8 ಬೈಟ್ ಬೇಕು. ನಮ್ಮ ಇಂಟೆಲ್ ಯಂತ್ರಗಳಲ್ಲಿ ಅದು ಹೆಕ್ಸ್‌ನಲ್ಲಿ (16ರ ಆಧಾರದ ಬರಹದಲ್ಲಿ) ಆರು ಸೊನ್ನೆ ಬೈಟುಗಳು, ಆಮೇಲೆ ಎಫ್0, ಕೊನೆಗೆ 3ಎಫ್. ಇದನ್ನೇ ನಾಲ್ಕು ನಾಲ್ಕು ಬೈಟಾಗಿ ಒಡೆದು ಫ್ಲೋಟ್ ಎಂದು ಓದಿದರೆ ಮೊದಲರ್ಧ ಸೊನ್ನೆ, ಉಳಿದರ್ಧ ಸರಿಯಾಗಿ 1.875. ಕಾಗದದ ಮೇಲೆ ಬಿಟ್‌ಗಳನ್ನು ಬರೆದು ನೋಡಿದಾಗಲೇ ನನಗೆ ವಿಷಯ ಹೊಳೆದದ್ದು. ಸಿ ಭಾಷೆಯಲ್ಲಿ, ಪ್ರೋಗ್ರಾಮನ್ನೂ ಲೈಬ್ರರಿಯನ್ನೂ ಜೋಡಿಸುವ ಲಿಂಕರ್ ಫಂಕ್ಷನ್ ಹೆಸರನ್ನಷ್ಟೇ ಹೊಂದಿಸುತ್ತದೆ, ಟೈಪ್ ನೋಡುವುದಿಲ್ಲ. ಹಾಗಾಗಿ ಯಾರೂ ತಕರಾರು ಎತ್ತಲಿಲ್ಲ.

"ಈ ಫ್ಲ್ಯಾಗ್ ತಪ್ಪದೆ ಕೊಡಿ" ಎಂದು ರೀಡ್‌ಮಿಯಲ್ಲಿ ಬರೆದೆ. ಎರಡೇ ವಾರದಲ್ಲಿ ಇನ್ನೊಬ್ಬರು ಅದೇ ಗುಂಡಿಗೆ ಬಿದ್ದರು.

ಬಿಲ್ಡ್‌ನಲ್ಲಿ ತಯಾರಾಗುವ ಕಾನ್ಫಿಗ್ ಡಾಟ್ ಎಚ್ ಫೈಲನ್ನೇ ಇನ್‌ಸ್ಟಾಲ್ ಮಾಡಿಬಿಡೋಣ ಎನಿಸಿತು. ಅದು ಇನ್ನೂ ಕೆಟ್ಟದ್ದು. ಪ್ಯಾಕೇಜಿನ ಹೆಸರು, ಆವೃತ್ತಿ, ಯಾವ ಹೆಡರ್ ಸಿಕ್ಕಿತು ಎಂಬಂಥ ಮ್ಯಾಕ್ರೋಗಳೆಲ್ಲ ಅದರಲ್ಲಿರುತ್ತವೆ. ಬಳಸುವವರ ಪ್ರಾಜೆಕ್ಟಿನಲ್ಲೂ ಅವೇ ಹೆಸರುಗಳಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ಆಮೇಲೆ ಕೂತು ಆಯ್ಕೆಗಳನ್ನು ಬೇರ್ಪಡಿಸಿದೆ. ಟೆಸ್ಟ್ ಬೇಕೇ, ಲಾಗ್ ಎಷ್ಟಿರಲಿ ಎಂಬವು ಲೈಬ್ರರಿಯ ಒಳಗಿನ ವ್ಯವಹಾರ, ಅವು ಹೊರಗೆ ಬರಬೇಕಿಲ್ಲ. ಸಂಖ್ಯೆಯ ಟೈಪ್, ಇಂಡೆಕ್ಸ್‌ನ ಅಗಲ, ಸ್ಟ್ರಕ್ಟ್ ಒಳಗಿನ ಫೀಲ್ಡ್‌ಗಳು ಮಾತ್ರ ಹೆಡರ್ ಓದುವವರನ್ನು ಮುಟ್ಟುತ್ತವೆ. ಈ ಮೂರಕ್ಕೇ ಒಂದು ಪುಟ್ಟ ಹೆಡರ್ ಮಾಡಿ, ಪ್ರತಿ ಮ್ಯಾಕ್ರೋಗೂ ಲೈಬ್ರರಿಯ ಹೆಸರನ್ನು ಮುಂದೆ ಸೇರಿಸಿ, ಬಿಲ್ಡ್ ನಡೆಸುವ ಸಾಧನವಾದ ಸಿಮೇಕ್‌ನ ಕಾನ್ಫಿಗರ್ ಫೈಲ್ ಆಜ್ಞೆಯಿಂದ ಅದನ್ನು ಬಿಲ್ಡ್ ಫೋಲ್ಡರ್‌ನಲ್ಲಿ ಬರೆಸಿ, ಅಲ್ಲಿಂದಲೇ ಇನ್‌ಸ್ಟಾಲ್ ಆಗುವಂತೆ ಮಾಡಿದೆ. ಸಿಮೇಕ್ ಟಾರ್ಗೆಟ್‌ಗೆ ಪಬ್ಲಿಕ್ ಡೆಫಿನಿಷನ್ (ಬಳಸುವವರಿಗೂ ತಾನೇ ಹೋಗುವ ಮ್ಯಾಕ್ರೋ) ಸೇರಿಸಿದರೂ ಸಾಕಲ್ಲವೇ ಎಂದು ಕೇಳುತ್ತಾರೆ. ಸಿಮೇಕ್‌ನಿಂದಲೇ ನಮ್ಮ ಲೈಬ್ರರಿಯನ್ನು ಹುಡುಕಿಕೊಳ್ಳುವವರಿಗೆ ಸಾಕು. ನಮ್ಮಲ್ಲಿ ಅರ್ಧ ಜನ ಕೈಯಲ್ಲಿ ಬರೆದ ಮೇಕ್‌ಫೈಲ್ ಬಳಸುತ್ತಾರೆ, ಅವರಿಗೆ ಅದು ತಲುಪುವುದೇ ಇಲ್ಲ.

ಇಷ್ಟಾದರೂ ಒಂದು ಹೆಡರ್ ತಪ್ಪಿಹೋಗಿತ್ತು. ಅದು ಈ ಪುಟ್ಟ ಫೈಲನ್ನು ಇನ್‌ಕ್ಲೂಡ್ ಮಾಡಿರಲಿಲ್ಲ. ಇಫ್ ಷರತ್ತಿನಲ್ಲಿ ಬರುವ ಮ್ಯಾಕ್ರೋ ಇಲ್ಲದಿದ್ದರೆ ಸಿ ಅದನ್ನು ಸದ್ದಿಲ್ಲದೆ ಸೊನ್ನೆ ಎಂದೇ ಎಣಿಸುತ್ತದೆ. ಅದಕ್ಕೆ ಈಗ ಪ್ರತಿ ಆಯ್ಕೆಯನ್ನೂ 0 ಅಥವಾ 1 ಎಂದು ಸ್ಪಷ್ಟವಾಗಿ ಬರೆಸುತ್ತೇನೆ. ಮ್ಯಾಕ್ರೋ ಇಲ್ಲವೇ ಇಲ್ಲ ಎಂದಾದರೆ ಕಂಪೈಲ್ ಅಲ್ಲೇ ನಿಲ್ಲಬೇಕು.

ಹಳೆಯ ಹೆಡರ್ ಒಂದು ಕಡೆ, ಹೊಸ ಲೈಬ್ರರಿ ಇನ್ನೊಂದು ಕಡೆ ಉಳಿದರೆ? ಇದಕ್ಕೆ ಫೋರಿಯರ್ ಪರಿವರ್ತನೆಯ ಲೈಬ್ರರಿಯಾದ ಎಫ್ಎಫ್‌ಟಿಡಬ್ಲ್ಯು ದಾರಿ ತೋರಿಸಿತು. ಅದರಲ್ಲಿ ಫ್ಲೋಟ್ ಮತ್ತು ಡಬಲ್‌ಗೆ ಫಂಕ್ಷನ್ ಹೆಸರುಗಳೇ ಬೇರೆ, ಲೈಬ್ರರಿ ಫೈಲೂ ಬೇರೆ. ನಾನು ಅಷ್ಟು ದೂರ ಹೋಗಲಿಲ್ಲ. ಎಲ್ಲರೂ ಮೊದಲು ಕರೆಯಲೇಬೇಕಾದ ಇನಿಟ್ ಫಂಕ್ಷನ್‌ನ ಹೆಸರಿನ ಕೊನೆಗೆ ಮಾತ್ರ ಟೈಪ್ ಅಂಟಿಸಿದೆ; ಹೆಡರ್ ಮತ್ತು ಲೈಬ್ರರಿಯ ಟೈಪ್ ಹೊಂದದಿದ್ದರೆ ಲಿಂಕ್ ಆಗುವುದೇ ಇಲ್ಲ. ಜೊತೆಗೆ, ಡೇಟಾಬೇಸ್ ಲೈಬ್ರರಿಯಾದ ಎಸ್‌ಕ್ಯೂಲೈಟ್‌ನಲ್ಲಿ ಬಿಲ್ಡ್ ಆಯ್ಕೆ ತೋರಿಸುವ ಕಂಪೈಲ್ ಆಪ್ಷನ್ಸ್ ಪ್ರಾಗ್ಮಾ (ಆಜ್ಞೆ) ನೋಡಿ ಆಸೆಪಟ್ಟು, ಬಿಲ್ಡ್ ಆಯ್ಕೆಗಳನ್ನು ಸ್ಟ್ರಿಂಗ್ ಆಗಿ ಹಿಂತಿರುಗಿಸುವ ಒಂದು ಫಂಕ್ಷನ್ ಸೇರಿಸಿದೆ. ಅದರಲ್ಲಿ ತಾರೀಕು ಹಾಕಲಿಲ್ಲ. ಹಾಕಿದರೆ ಅದೇ ಕೋಡ್ ಬೇರೆ ದಿನ ಬಿಲ್ಡ್ ಮಾಡಿದಾಗ ಬೇರೆ ಬೈನರಿ ಕೊಡುತ್ತದೆ.

ಮೊನ್ನೆ ಅದೇ ಸಹೋದ್ಯೋಗಿ ಮತ್ತೆ ಫೋನ್ ಮಾಡಿದರು. "ಸರ್, ಲಿಂಕ್ ಆಗ್ತಿಲ್ಲ. ಇನಿಟ್ ಅಂಡರ್‌ಸ್ಕೋರ್ ಫ್ಲೋಟ್ ಸಿಗ್ತಿಲ್ಲ ಅಂತಿದೆ. ನನ್ನ ಹೋಮ್ ಫೋಲ್ಡರ್‌ನಲ್ಲಿ ಬೇರೆ ಹೆಡರ್ ಇದೆ ಅನ್ನಿಸುತ್ತೆ, ಅಳಿಸ್ಲಾ?"